ಕಬಡ್ಡಿ ತಂಡಕ್ಕೆ ಹೊರಗಿಂದ ಒಬ್ಬನೇ ಬರೋದಾದ್ರೆ ಯಾರು ಬರಬೇಕು? ರೈಡರ್ರಾ, ಕಾರ್ನರ್ ಡಿಫೆಂಡರ್ರಾ?

ಸಾತನೂರು: ಜಾತ್ರೆ, ಹಬ್ಬ ಬಂತು ಅಂದ್ರೆ ನಮ್ಮ ಕಡೆ ಹಳ್ಳಿಗಳಲ್ಲಿ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿಯ ಮಾತು ಶುರುವಾಗುತ್ತದೆ. ಹುಡುಗರು ಚಂದಾ ಕೇಳಿಕೊಂಡು ಅಂಗಡಿಗಳಿಗೆ ಬರುತ್ತಾರೆ. ಆ ದುಡ್ಡಲ್ಲಿ ಹೊರಗಿನ ಆಟಗಾರನನ್ನು ಕರೆಸೋಣ ಅಂದರೆ ಎಲ್ಲರೂ ಮೊದಲು ಹೇಳೋದು ರೈಡರ್ ಹೆಸರನ್ನೇ. ಆದರೆ ಪ್ರತಿ ಸಲ ಸೆಮಿಫೈನಲ್, ಫೈನಲ್‌ವರೆಗೆ ಬಂದು ಸೋಲುವ ತಂಡಕ್ಕೆ ಬೇಕಿರೋದು ಹಿಡಿಯುವವನೇ ಇರಬಹುದು. ಪ್ರೊ ಕಬಡ್ಡಿಯಲ್ಲಿ ಇದಕ್ಕೆ ಒಳ್ಳೇ ಉದಾಹರಣೆ ಇದೆ.

ಒಬ್ಬನೇ ಡಿಫೆಂಡರ್, ಎರಡು ಕಪ್

2022ರ ಡಿಸೆಂಬರ್‌ನಲ್ಲಿ ಪುಣೇರಿ ಪಲ್ಟನ್ ಫೈನಲ್‌ನಲ್ಲಿ ಜೈಪುರಕ್ಕೆ 33-29ರಿಂದ ಸೋತಿತ್ತು. ರೈಡಿಂಗ್‌ಗೆ ಅಸ್ಲಾಂ ಇನಾಮ್‌ದಾರ್, ಮೋಹಿತ್ ಗೋಯತ್ ಇದ್ದರು. ಮುಂದಿನ ಹರಾಜಿನಲ್ಲಿ ತಂಡ 2.35 ಕೋಟಿ ರೂ. ಕೊಟ್ಟು ತಂದಿದ್ದು ಇರಾನ್‌ನ ಲೆಫ್ಟ್ ಕಾರ್ನರ್ ಮೊಹಮ್ಮದ್‌ರೆಜಾ ಶಾದ್ಲೂಯಿಯನ್ನು. ಆ ಸೀಸನ್‌ನಲ್ಲಿ ಆತ 99 ಟ್ಯಾಕಲ್ ಅಂಕ ಗಳಿಸಿದ. 2024ರ ಮಾರ್ಚ್ 1ರಂದು ಹರಿಯಾಣ ಸ್ಟೀಲರ್ಸ್ ತಂಡವನ್ನು 28-25ರಿಂದ ಸೋಲಿಸಿ ಪುಣೆ ಕಪ್ ಎತ್ತಿತು. ಆಗ ಅದರ ಕೋಚ್ ಕನ್ನಡಿಗ ಬಿ.ಸಿ. ರಮೇಶ್.

ಸೋತ ಹರಿಯಾಣ ಸುಮ್ಮನೆ ಕೂರಲಿಲ್ಲ. ಅದೇ ಶಾದ್ಲೂಯಿಯನ್ನು 2.07 ಕೋಟಿಗೆ ಕರೆದುಕೊಂಡಿತು. ಡಿಸೆಂಬರ್ 29ರಂದು ಪಟ್ನಾವನ್ನು 32-23ರಿಂದ ಮಣಿಸಿ ಮೊದಲ ಸಲ ಚಾಂಪಿಯನ್ ಆಯಿತು.

ಹಿಡಿದರೆ ಲಾಭ ಎಷ್ಟು?

ಎದುರಾಳಿ ರೈಡರ್‌ನನ್ನು ಹಿಡಿದರೆ ಸ್ಕೋರ್ ಬೋರ್ಡ್‌ನಲ್ಲಿ ಕಾಣೋದು ಒಂದೇ ಅಂಕ. ಆದರೆ ಔಟಾಗಿ ಕೂತಿದ್ದ ನಮ್ಮವನೊಬ್ಬ ಒಳಗೆ ಬರುತ್ತಾನೆ. ಅವರ ಮುಖ್ಯ ರೈಡರ್ ಹೊರಗೆ ಕೂರಬೇಕು. ಅವನು ಕೂತಷ್ಟು ಹೊತ್ತು ಆ ತಂಡದ ಅರ್ಧ ಬಲ ಹೋದಂತೆ. ಅಂಕಣದಲ್ಲಿ ಮೂವರು ಅಥವಾ ಅದಕ್ಕಿಂತ ಕಡಿಮೆ ಜನ ಇದ್ದಾಗ ಹಿಡಿದರೆ ಸೂಪರ್ ಟ್ಯಾಕಲ್, ಎರಡು ಅಂಕ. ಆಲ್‌ಔಟ್ ಆಗಿ ಎದುರಾಳಿಗೆ ಹೆಚ್ಚುವರಿ ಎರಡು ಅಂಕ ಹೋಗೋದೂ ತಪ್ಪುತ್ತದೆ. ಮೂರು ಅಂಕದಲ್ಲಿ ಮುಗಿಯುವ ಫೈನಲ್‌ನಲ್ಲಿ ಇದು ಸಣ್ಣ ಲೆಕ್ಕ ಅಲ್ಲ.

ಎಲ್ಲರಿಗೂ ಇದೇ ಮದ್ದಲ್ಲ

2025ರಲ್ಲಿ ಗುಜರಾತ್ ಜೈಂಟ್ಸ್ ಶಾದ್ಲೂಯಿಗೆ 2.23 ಕೋಟಿ ಕೊಟ್ಟಿತು. ತಂಡ ಪ್ಲೇ ಆಫ್‌ಗೂ ಬರಲಿಲ್ಲ. ಅಂಕ ತರುವವರು ತಂಡದಲ್ಲಿ ಮೊದಲೇ ಇದ್ದರೆ ಮಾತ್ರ ಡಿಫೆಂಡರ್ ಬೆಲೆ ಗೊತ್ತಾಗೋದು.

ಹಾಗಂತ ರೈಡರ್ ಹೆಸರೊಂದೇ ನಂಬಿದರೂ ಆಗಲ್ಲ. 2024ರಲ್ಲಿ ಬೆಂಗಳೂರು ಬುಲ್ಸ್‌ಗೆ ಪರ್‌ದೀಪ್ ನರ್ವಾಲ್ ಬಂದಿದ್ದರು. 22 ಪಂದ್ಯದಲ್ಲಿ ಗೆದ್ದಿದ್ದು ಎರಡೇ, ಸಿಕ್ಕಿದ್ದು ಕೊನೇ ಸ್ಥಾನ. ಮರುವರ್ಷ ಬಿ.ಸಿ. ರಮೇಶ್ ಕೋಚ್ ಆದರು. ಡಿಫೆಂಡರ್ ಯೋಗೇಶ್‌ಗೆ ತಂಡ ಒಂದು ಕೋಟಿಗೂ ಹೆಚ್ಚು ಕೊಟ್ಟಿತು, ರೈಡಿಂಗ್‌ಗೆ ಇರಾನ್‌ನ ಅಲಿರೆಜಾ ಮಿರ್ಜಾಯಿಯನ್ ಬಂದರು. ಎರಡೂ ಕಡೆ ಸರಿಯಾದಾಗ ಬುಲ್ಸ್ ಲೀಗ್‌ನಲ್ಲಿ ಮೂರನೇ ಸ್ಥಾನಕ್ಕೆ ಏರಿತು.

ಚಂದಾ ಕೊಡುವ ಮುಂಚೆ

ಊರಿನ ತಂಡಕ್ಕೂ ಇದೇ ಲೆಕ್ಕ. ಸೋತ ಕೊನೇ ನಾಲ್ಕೈದು ಪಂದ್ಯ ನೆನಪಿಸಿಕೊಳ್ಳಿ. ನಮ್ಮವರು ಅಂಕ ತಂದೂ ಎದುರಾಳಿಯ ಒಬ್ಬನೇ ರೈಡರ್ ಕೈಲಿ ಸೋತಿದ್ದರೆ ಕಾರ್ನರ್ ಹುಡುಗನನ್ನು ಕರೆಸಿ. ನಮ್ಮವರೇ ಬರಿಗೈಲಿ ವಾಪಸ್ ಬರುತ್ತಿದ್ದರೆ ರೈಡರ್ ನೋಡಿ. ಒಂದು ಮಾತು ಮಾತ್ರ ಮರೆಯಬೇಡಿ: ಕಾರ್ನರ್‌ನವನು ಕಾಲು ಹಿಡಿದರೂ ಪಕ್ಕದ ಕವರ್ ಬಂದು ತಬ್ಬದಿದ್ದರೆ ರೈಡರ್ ಎಳೆದುಕೊಂಡು ಹೋಗುತ್ತಾನೆ. ಪಂದ್ಯದ ದಿನ ಸಂಜೆ ಬಂದು ಇಳಿಯುವವನಿಗಿಂತ, ನಾಲ್ಕು ದಿನ ಮೊದಲೇ ಬಂದು ಊರ ಹುಡುಗರ ಜೊತೆ ಪ್ರಾಕ್ಟೀಸ್ ಮಾಡುವವನಿಗೆ ಕೊಟ್ಟ ದುಡ್ಡೇ ಲೇಸು.