ಟೆಂಪೋ ಸ್ಟಾರ್ಟ್ ಆಗದಿದ್ದರೆ ಮೊದಲು ಟರ್ಮಿನಲ್ ನೋಡಿ

ಹೋಟೆಲು ಬಾಂಧವರೇ, ಮದುವೆ ಊಟ ತುಂಬಿದ ನಮ್ಮ ಹಳೆಯ ಟೆಂಪೋ ಬರೀ ‘ಟಕ್’ ಎಂದು ನಿಂತರೆ ಕೂಡಲೇ ಹೊಸ ಬ್ಯಾಟರಿಗೆ ಹಣ ಹಾಕಬೇಕಿಲ್ಲ. ಆಸಿಡ್ ಆವಿಯಿಂದ ಟರ್ಮಿನಲ್ ಮೇಲೆ ಬಿಳಿ-ಹಸಿರು ಪುಡಿ ಕಟ್ಟುತ್ತದೆ. ಸ್ಟಾರ್ಟರಿಗೆ ಬೇಕಾದ ಕರೆಂಟನ್ನು ಅದು ತಡೆಯುತ್ತದೆ.

ಗಾಡಿ ಆಫ್ ಮಾಡಿ, ಕೈಗವಸು ಹಾಕಿಕೊಂಡು, ಮೊದಲು ನೆಗೆಟಿವ್, ಬಳಿಕ ಪಾಸಿಟಿವ್ ವೈರ್ ಬಿಚ್ಚೋಣ. ಲೋಟ ಬಿಸಿನೀರಿಗೆ ಚಮಚ ಅಡುಗೆ ಸೋಡಾ ಬೆರೆಸಿ ಬ್ರಷ್‌ನಿಂದ ಉಜ್ಜೋಣ. ಬ್ಯಾಟರಿಯೊಳಗೆ ಹನಿಯೂ ಹೋಗಬಾರದು. ಒರೆಸಿ ಒಣಗಿಸಿ, ಪಾಸಿಟಿವ್ ಮೊದಲು, ನೆಗೆಟಿವ್ ಕೊನೆಗೆ ಬಿಗಿದು, ಪೆಟ್ರೋಲಿಯಂ ಜೆಲ್ಲಿ ಸವರೋಣ.

ಚಾಸಿಗೆ ಸೇರುವ ಅರ್ಥಿಂಗ್ ಬೋಲ್ಟನ್ನೂ ಸ್ಯಾಂಡ್‌ಪೇಪರಿನಿಂದ ತಿಕ್ಕಬೇಕು. ಎಷ್ಟೋ ಸಲ ದೋಷ ಅಲ್ಲೇ ಇರುತ್ತದೆ. ವೈರಿನೊಳಗಿನ ತಾಮ್ರ ಕಪ್ಪಾಗಿದ್ದರೆ ವೈರನ್ನೇ ಬದಲಿಸಿ.

ಮುಂಬಯಿ, ಚೆನ್ನೈಗಳ ಉಪ್ಪು ಗಾಳಿಯಲ್ಲಿ ಮಳೆಗಾಲಕ್ಕೆ ಮುನ್ನ ಅರ್ಧ ಗಂಟೆ ಕೊಟ್ಟರೆ, ಪಂಕ್ತಿಯಲ್ಲಿ ಕುಳಿತವರು ಕಾಯುವುದು ತಪ್ಪುತ್ತದೆ.