ಶಾನುಭೋಗರ ಮನೆಯಲ್ಲೊಂದು ಆಫೀಸು

ತಿ. ನರಸೀಪುರದ ಹಳೇ ಶಾನುಭೋಗರ ಮನೆಯೊಂದರ ಅಟ್ಟದ ಮೇಲೆ ಕಡತವಿದೆ ಎಂದು ಕೇಳಿ ಹೋಗಿದ್ದೆ. ಜಗಲಿ ಹತ್ತುವಾಗಲೇ ಅಜ್ಜಿ ತಡೆದರು. ‘ಮೆಲ್ಲಗೆ ಮಾತಾಡಿ, ಮಗು ಡ್ಯೂಟಿಲಿದೆ. ಫೋನು ಇಲ್ಲೇ ಇಟ್ಟು ಬನ್ನಿ’ ಎಂದರು.

ಮಗು ಎಂದರೆ ಅವರ ಮೊಮ್ಮಗಳು. ಆರೋಗ್ಯ ವಿಮೆಯ ಬಿಲ್ಲುಗಳನ್ನು ಪರಿಶೀಲಿಸುವ ಕೆಲಸ. ಯಾರಿಗೆ ಯಾವ ಕಾಯಿಲೆ, ಎಷ್ಟು ಖರ್ಚು, ಎಲ್ಲವೂ ಅವಳ ಪರದೆಯ ಮೇಲೆ. ಒಂದು ಕಾಲಕ್ಕೆ ಭತ್ತದ ಮೂಟೆ ಪೇರಿಸುತ್ತಿದ್ದ ಕೋಣೆಯಲ್ಲಿ ಗೋಡೆಗೆ ಬೆನ್ನು ಕೊಟ್ಟು, ಬಾಗಿಲಿಗೆ ಮುಖ ಮಾಡಿ ಕೂರುತ್ತಾಳೆ. ಒಳಗೆ ಬಂದವರಿಗೆ ಕಾಣುವುದು ಲ್ಯಾಪ್‌ಟಾಪಿನ ಬೆನ್ನು ಮಾತ್ರ. ಕಾಫಿಗೆ ಎದ್ದರೂ ಪರದೆ ಲಾಕ್. ಚೀಟಿಯಲ್ಲಿ ಏನನ್ನೂ ಬರೆದುಕೊಳ್ಳುವುದಿಲ್ಲ. ಕರೆಯಲ್ಲಿ ರೋಗಿಯ ಹೆಸರೆತ್ತದೆ ಕ್ಲೇಮ್ ಸಂಖ್ಯೆಯನ್ನಷ್ಟೇ ಹೇಳುತ್ತಾಳೆ. ಆ ಲ್ಯಾಪ್‌ಟಾಪನ್ನು ತಮ್ಮ ಮುಟ್ಟುವ ಹಾಗಿಲ್ಲ.

‘ನಮ್ಮೂರವರ ಬಿಲ್ಲೂ ಬರುತ್ತೆ ಸರ್. ಗುರುತಿನವರದ್ದು ಅಂತ ಗೊತ್ತಾದ್ರೆ ಟೀಮ್ ಲೀಡರ್‌ಗೆ ಹೇಳಿ ಬೇರೆಯವರಿಗೆ ಕಳಿಸಿಬಿಡ್ತೀನಿ’ ಎಂದಳು. ಮದುವೆ ಮನೆಯಲ್ಲಿ, ತೇರಿನ ದಿನ ಅದೇ ಜನರ ಮುಖ ನೋಡಬೇಕಾದ ಊರಿನಲ್ಲಿ ಇದು ಸಣ್ಣ ಮಾತಲ್ಲ.

ಆಮೇಲೆ ಕಡತ ಇಳಿಸಿದರು. ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲಪುಡಿ ಬಳಿದು, ಒಣಗಿಸಿ, ಬೀಸಣಿಗೆಯಂತೆ ಮಡಿಸಿದ ಕರಿ ಪುಸ್ತಕ, ಬರೆಯುವುದು ಬಳಪದಲ್ಲಿ. ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟಿಸಿದ ಇತಿಹಾಸದಲ್ಲಿ ಇದನ್ನು ಬೆರಗಿನಿಂದ ವರ್ಣಿಸಿದ್ದಾನೆ: 12ರಿಂದ 18 ಅಡಿ ಉದ್ದ, ಒರೆಸಿ ಮತ್ತೆ ಬರೆಯಬಹುದು, ಜೋಪಾನ ಮಾಡಿದರೆ ಕಾಗದಕ್ಕಿಂತ ಹೆಚ್ಚು ಬಾಳುತ್ತದೆ. ಶೃಂಗೇರಿ ಮಠದಲ್ಲಿ ಇಂಥ ಕಡತಗಳ ದೊಡ್ಡ ಸಂಗ್ರಹವೇ ಇದೆ. ನಾನು ಒಂದೊಂದೇ ಮಡಿಕೆ ಬಿಡಿಸಿದೆ. ಮೋಡಿ ಅಕ್ಷರ, ಎರಡು ಮೂರು ಅಂಕಿ ಬಿಟ್ಟರೆ ಏನೂ ದಕ್ಕಲಿಲ್ಲ. ಆದರೂ ಕೈಬಿಡಲು ಮನಸ್ಸಾಗಲಿಲ್ಲ.

ಶಾನುಭೋಗಿಕೆಯೂ ಮನೆಯಿಂದಲೇ ನಡೆಯುತ್ತಿದ್ದ ಕೆಲಸ. ಊರಿನ ಜಮೀನಿನ ಲೆಕ್ಕ ಇಂಥ ಮನೆಗಳಲ್ಲೇ ತಲೆಮಾರುಗಟ್ಟಲೆ ಇರುತ್ತಿತ್ತು. 1961ರ ಗ್ರಾಮಾಧಿಕಾರ ರದ್ದತಿ ಕಾಯ್ದೆ 1963ರಲ್ಲಿ ಜಾರಿಗೆ ಬಂದು ಆ ವಂಶಪಾರಂಪರ್ಯ ಮುಗಿಯಿತು. ‘ಭೂಮಿ’ ಯೋಜನೆ ಬಂದ ಮೇಲೆ ಕೈಬರಹದ ಪಹಣಿಯೂ ಹೋಗಿ, ಕಂಪ್ಯೂಟರಿನಲ್ಲಿ ತಿದ್ದುವವರು ಬೆರಳಚ್ಚು ಕೊಡಬೇಕಾಯಿತು. ಕಡತದ ಮೇಲೆ ನನಗೆಷ್ಟೇ ಪ್ರೀತಿಯಿದ್ದರೂ ಒಂದು ಮಾತು ಹೇಳಲೇಬೇಕು. ಅಲ್ಲಿನ ಗುಟ್ಟು ರೈತನಿಗಾಗಿ ಕಾಯ್ದದ್ದಲ್ಲ, ರೈತನಿಂದಲೇ ಮುಚ್ಚಿಟ್ಟದ್ದು. ತನ್ನ ಹೊಲದ ಲೆಕ್ಕವನ್ನು ಅವನು ಓದಲಾರ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಒರೆಸಿದವರು ಯಾರೆಂದು ತಿಳಿಯಲಾರ. ಮೊಮ್ಮಗಳು ಕಾಯುತ್ತಿರುವುದು ಮುಖ ನೋಡದ ರೋಗಿಯ ಮಾನವನ್ನು. ಅದೇ ಮನೆಯಲ್ಲಿ ಇದು ದೊಡ್ಡ ಬದಲಾವಣೆ.

ಕಾನೂನು ಇಲ್ಲಿಗೆ ತಲುಪಿದ್ದು ನಿಧಾನವಾಗಿ. ಕಾಲ್ ಸೆಂಟರ್‌ನಂಥ ಕೆಲಸವನ್ನು ಮನೆಯಿಂದ ಮಾಡಿಸಲು ಇದ್ದ ಬಿಗಿ ಷರತ್ತುಗಳನ್ನು ದೂರಸಂಪರ್ಕ ಇಲಾಖೆ 2020ರ ಮಾರ್ಚ್‌ನಲ್ಲಿ ಸಡಿಲಿಸಿ, ನವೆಂಬರ್‌ನಲ್ಲಿ ಬಹುಪಾಲು ತೆಗೆದೇ ಹಾಕಿತು. ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದ್ದು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯಲ್ಲಿ, ಮಾಹಿತಿಗೆ ಸರಿಯಾದ ಭದ್ರತೆ ಕೊಡದ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೆ ದಂಡವಿದೆ.

ಹೊಣೆ ಸಂಸ್ಥೆಯದ್ದಾದ ಮೇಲೆ ಖರ್ಚೂ ಸಂಸ್ಥೆಯದ್ದೇ ಆಗಬೇಕು. ಆ ಕೋಣೆಗೆ ಚಿಲಕ ಹಾಕಿಸಿದ್ದು ಹುಡುಗಿಯ ಅಪ್ಪ, ಹೆಡ್‌ಫೋನ್ ಕೊಂಡದ್ದು ಅವಳ ಸಂಬಳದಿಂದ, ಬಾಗಿಲು ಕಾಯುತ್ತಿರುವುದು ಅಜ್ಜಿ. ಗೋಪ್ಯತೆಯ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವ ಕಂಪನಿಗಳು ಆ ಪತ್ರದ ಜೊತೆಗೆ ಚಿಲಕದ ದುಡ್ಡನ್ನೂ ಕಳಿಸಲಿ.