ಸೆಕೆಂಡಿಗೆ 20 ಸಲ ನಾಲಿಗೆ, ದಿನಕ್ಕೆ 14 ಆನೆ ಪಾಚಿ

ನಿಪ್ಪಾಣಿಯಲ್ಲಿ ದಿನಕ್ಕೆ ಸಾವಿರ ಬೀಡಿ ಕಟ್ಟಿದರೆ ಚುರುಕು ಕೈ ಎಂದು ಲೆಕ್ಕ. ಎರಡು ಕಿಲೋ ಕೂಡ ತೂಗದ ಒಂದು ಹಕ್ಕಿ ಆ ಸಾವಿರವನ್ನು 50 ಸೆಕೆಂಡಿನಲ್ಲಿ ಮುಗಿಸುತ್ತದೆ. ಬೀಡಿಯನ್ನಲ್ಲ, ನಾಲಿಗೆಯ ಎಳೆತವನ್ನು. ಕಿರಿಯ ರಾಜಹಂಸ, ಅಂದರೆ ಪುಟ್ಟ ಜಾತಿಯ ಫ್ಲೆಮಿಂಗೊ, ಕೊಕ್ಕನ್ನು ತಲೆಕೆಳಗಾಗಿ ನೀರಿಗಿಟ್ಟರೆ ಸೆಕೆಂಡಿಗೆ ಸುಮಾರು 20 ಸಲ ನೀರು ಒಳಗೆ, ನೀರು ಹೊರಗೆ! ಕೊಕ್ಕಿನೊಳಗಿನ ಜರಡಿಯಲ್ಲಿ ಉಳಿಯುವುದು ಸ್ಪಿರುಲಿನಾ, ಕಣ್ಣಿಗೆ ಕಂಡೂ ಕಾಣದ ಸುರುಳಿ ಪಾಚಿ. ಔಷಧದಂಗಡಿಯಲ್ಲಿ ಅರ್ಧ ಗ್ರಾಮಿನ ಗುಳಿಗೆಯಾಗಿ ಸಿಗುವುದೂ ಇದೇ. ಹಕ್ಕಿಗೆ ದಿನಕ್ಕೆ ಬೇಕಾದದ್ದು ಒಣತೂಕದಲ್ಲಿ ಸುಮಾರು 70 ಗ್ರಾಂ: 140 ಗುಳಿಗೆ. ಅರವತ್ತು ಕಿಲೋ ತೂಗುವ ಮನುಷ್ಯ ಇದೇ ಲೆಕ್ಕದಲ್ಲಿ ಊಟಕ್ಕೆ ಕೂತರೆ ಎರಡು ಕಿಲೋ ದಾಟಿದ ಜೋಳದ ಹಿಟ್ಟು ಬೇಕು, ಹತ್ತಿರಹತ್ತಿರ 30 ರೊಟ್ಟಿ. ಪಲ್ಯ ಬೇರೆ.

ಇದು ಒಂದು ಹಕ್ಕಿಯ ಮಾತು. 1970ರ ದಶಕದ ಆರಂಭದಲ್ಲಿ ಕೆನ್ಯಾದ ನಕುರು ಕೆರೆಯಲ್ಲಿದ್ದದ್ದು ಸುಮಾರು 10 ಲಕ್ಷ! ಕೆರೆಯ ಹರವು 40 ಚದರ ಕಿಲೋಮೀಟರ್ ಆಸುಪಾಸು. ಭಾಗಿಸಿ ನೋಡಿ, ಎಕರೆಗೆ ನೂರು ಹಕ್ಕಿ. ಇವುಗಳ ಒಂದು ದಿನದ ಊಟ 70 ಟನ್ ಒಣ ಪಾಚಿ: ದಸರಾ ಅಂಬಾರಿ ಹೊರುವಂಥ ಐದು ಟನ್ನಿನ ಆನೆ, ಅಂಥವು 14. ವರ್ಷಕ್ಕೆ 25 ಸಾವಿರ ಟನ್ ದಾಟುತ್ತದೆ. ಕಬ್ಬಿನ ಸೀಮೆಯವರಿಗೆ ಕಬ್ಬಿನ ಭಾಷೆಯಲ್ಲೇ ಹೇಳುವುದಾದರೆ, ಜೋಡಿ ಟ್ರೇಲರ್ ಕಟ್ಟಿದ ಟ್ರ್ಯಾಕ್ಟರಿಗೆ 20 ಟನ್ನಿನಂತೆ ಸುಮಾರು 1,275 ಟ್ರ್ಯಾಕ್ಟರ್. ಒಂದಕ್ಕೆ 20 ಮೀಟರ್ ಜಾಗ ಕೊಟ್ಟು ಸಾಲಾಗಿ ನಿಲ್ಲಿಸಿದರೆ 25 ಕಿಲೋಮೀಟರ್: ಬಾಲ ಚಿಕ್ಕೋಡಿಯಲ್ಲಿ, ಮೂತಿ ನಿಪ್ಪಾಣಿಯ ಬಾಗಿಲಲ್ಲಿ.

ಅಷ್ಟೂ ಬೆಳೆದದ್ದು ಸವಳು ನೀರಿನಲ್ಲಿ! ಅಥಣಿ, ರಾಯಬಾಗ, ಕಾಗವಾಡದ ಕಡೆ ಹೊಲದ ಮೇಲೆ ಬಿಳಿ ಪುಡಿ ಉಕ್ಕಿತೆಂದರೆ ರೈತನ ಎದೆ ಒಡೆಯುತ್ತದೆ. ‘ಸವಳಾತು’ ಎಂದರೆ ಆ ಹೊಲದ ಕಥೆ ಮುಗಿಯಿತು. ರಾಜಹಂಸಕ್ಕೆ ಅದೇ ಸುಗ್ಗಿ. ಟಾಂಜಾನಿಯಾದ ನೇಟ್ರಾನ್ ಕೆರೆಯ ನೀರು ಮೈ ಸುಡುವಷ್ಟು ಕ್ಷಾರ; ಜಗತ್ತಿನ ಪ್ರತಿ ನಾಲ್ಕು ಕಿರಿಯ ರಾಜಹಂಸಗಳಲ್ಲಿ ಮೂರು ಮೊಟ್ಟೆಯೊಡೆಯುವುದು ಅಲ್ಲೇ.

ಆದರೆ 1974ರಲ್ಲಿ ನಕುರುವಿನ ಸ್ಪಿರುಲಿನಾ ಕುಸಿಯಿತು. ಹತ್ತು ಲಕ್ಷ ಹಕ್ಕಿ ಕೆಲವು ಸಾವಿರಕ್ಕಿಳಿಯಿತು. ತುಂಬಿದ ಜಾತ್ರೆ ಒಂದು ಓಣಿಯಷ್ಟಾದ ಹಾಗೆ! ಅವು ಸತ್ತದ್ದಲ್ಲ, ಬೇರೆ ಕೆರೆಯ ಪಂಕ್ತಿಗೆ ಎದ್ದು ಹೋದದ್ದು.

ಈಗ ಪಂಕ್ತಿಗಳೇ ತೆಳುವಾಗುತ್ತಿವೆ. ಪೂರ್ವ ಆಫ್ರಿಕದ 22 ಕ್ಷಾರ ಕೆರೆಗಳನ್ನು ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ಉಪಗ್ರಹ ಚಿತ್ರಗಳಲ್ಲಿ ಅಳೆದ ಅಧ್ಯಯನವೊಂದು 2024ರಲ್ಲಿ ಪ್ರಕಟವಾಯಿತು. 2009ರಿಂದ 2022ರೊಳಗೆ ನಕುರು ಶೇ. 91ರಷ್ಟು ಹಿಗ್ಗಿದೆ: ಹತ್ತು ಎಕರೆ ಹೊಲ ಹತ್ತೊಂಬತ್ತಾದಂತೆ. ಇಲ್ಲಿ ನೀರು ಹೆಚ್ಚಿ ಹೊಲ ಸವಳಾಯಿತು. ಅಲ್ಲಿ ನೀರು ಹೆಚ್ಚಿ ಸವಳೇ ಸಪ್ಪೆಯಾಯಿತು. ಪಾಚಿಯ ಹಸಿರು ಅರ್ಧಕ್ಕಿಳಿಯಿತು.

ಅಂದರೆ ಅದೇ 70 ಗ್ರಾಮಿಗೆ ಇನ್ನು ಎರಡರಷ್ಟು ನೀರು ಸೋಸಬೇಕು. ನಾಲಿಗೆ ಸೆಕೆಂಡಿಗೆ 40 ಸಲ ಆಡಬೇಕು, ಇಲ್ಲವೇ ಊಟದ ಹೊತ್ತು ಎರಡು ಪಟ್ಟಾಗಬೇಕು.